ಕಡತ ನಿರ್ವಹಣೆಯ ಕ್ಲೌಡ್ ಸೇವೆ, ಒಂದು ವರ್ಷದ ಮೇಲೆ: ಹುಡುಕೋಕೆ ಸೈ, ಅಳಿಸೋಕೆ ತಲೆನೋವು

ಆಫೀಸಿನ ಫೈಲುಗಳನ್ನು ಇಡಲು ಈ ಸೇವೆ ತೆಗೆದುಕೊಂಡು ಒಂದು ವರ್ಷ ಆಯಿತು. ಹೆಸರು ಬೇಡ ಬಿಡಿ. ಮಾರಲು ಬಂದವರು ದಾಖಲೆ ನಿರ್ವಹಣೆಯವರ ಸಂಘವಾದ ಅರ್ಮಾ ಇಂಟರ್‌ನ್ಯಾಷನಲ್ 2009ರಲ್ಲಿ ಹೊರತಂದ, ದಾಖಲೆ ಇಡುವ ಎಂಟು ತತ್ವಗಳನ್ನು ಸ್ಲೈಡಿಗೆ ಹಾಕಿ, ಎಂಟಕ್ಕೆ ಎಂಟೂ ನಮ್ಮಲ್ಲಿದೆ ಅಂದಿದ್ದರು. ಹೊಣೆಗಾರಿಕೆ, ಪಾರದರ್ಶಕತೆ, ದಾಖಲೆಯ ನೈಜತೆ, ರಕ್ಷಣೆ, ಕಾನೂನು ಪಾಲನೆ, ಬೇಕಾದಾಗ ಕೈಗೆ ಸಿಗುವುದು, ಎಷ್ಟು ಕಾಲ ಇಡಬೇಕು, ಕೊನೆಗೆ ಹೇಗೆ ವಿಲೇವಾರಿ ಮಾಡಬೇಕು, ಇವೇ ಆ ಎಂಟು. ನನ್ನ ಲೆಕ್ಕದಲ್ಲಿ ಆರು ಪಾಸು, ಎರಡು ಫೇಲು.

ಹುಡುಕಾಟ ನಿಜಕ್ಕೂ ಚೆನ್ನಾಗಿದೆ. ಸ್ಕ್ಯಾನ್ ಮಾಡಿದ ಹಳೇ ಕಾಗದದ ಒಳಗಿನ ಅಕ್ಷರವನ್ನೂ ಓದಿ ತಂದುಕೊಡುತ್ತದೆ. ಯಾರು ಯಾವಾಗ ತೆರೆದರು, ಏನು ಬದಲಿಸಿದರು ಅನ್ನುವುದೆಲ್ಲ ಲಾಗ್‌ನಲ್ಲಿ ಉಳಿಯುತ್ತದೆ, ಅದನ್ನು ಅಡ್ಮಿನ್ ಕೂಡ ತಿದ್ದಲು ಆಗುವುದಿಲ್ಲ. ಆಡಿಟ್‌ನವರು ಬಂದಾಗ ಮೊದಲ ಸಲ ನಮಗೆ ಬೆವರು ಬರಲಿಲ್ಲ.

ಎಡವಟ್ಟು ಕೊನೆಯ ಎರಡರಲ್ಲಿ. ಒಪ್ಪಂದ ಮುಗಿದ ಮೇಲೆ 7 ವರ್ಷ ಅದರ ಫೈಲು ಇಡಬೇಕು, ಆಮೇಲೆ ತೆಗೆಯಬೇಕು, ಇದು ನಮ್ಮ ನಿಯಮ. ಆದರೆ ಈ ಸಾಫ್ಟ್‌ವೇರ್ ಎಣಿಸುವುದು ಅಪ್‌ಲೋಡ್ ಆದ ದಿನದಿಂದ. ಅಂದರೆ 10 ವರ್ಷದ ಒಪ್ಪಂದ ಇನ್ನೂ ನಡೆಯುತ್ತಿರುವಾಗಲೇ ಅದರ ಫೈಲು ಅಳಿಸುವ ಪಟ್ಟಿಗೆ ಬಂದು ಕೂರುತ್ತದೆ. ಉಲ್ಟಾ ಕಥೆ ಇನ್ನೂ ಚೆಂದ: ಹಳೇ ಸರ್ವರ್‌ನಿಂದ ಎಲ್ಲವನ್ನೂ ಒಂದೇ ವಾರಾಂತ್ಯದಲ್ಲಿ ಇಲ್ಲಿಗೆ ಸಾಗಿಸಿದೆವಲ್ಲ, ಆಗ ಎಂದೋ ಹೋಗಬೇಕಿದ್ದ ಫೈಲುಗಳಿಗೆಲ್ಲ ಹೊಸ ತಾರೀಖು ಬಿದ್ದು ಮತ್ತೆ 7 ವರ್ಷ ಆಯಸ್ಸು ಸಿಕ್ಕಿತು.

ಇದ್ದರೆ ಇರಲಿ, ಏನು ಗಂಟು ಹೋಗುತ್ತೆ ಅಂತ ಮ್ಯಾನೇಜರ್ ಕೇಳಿದರು. ನಮಗೆ ಯುರೋಪಿನ ಗ್ರಾಹಕರೂ ಇದ್ದಾರೆ. ಅಲ್ಲಿನ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಅನ್ವಯವಾಗುತ್ತಿದೆ, ಅದರ 5ನೇ ವಿಧಿ ಜನರ ವೈಯಕ್ತಿಕ ಮಾಹಿತಿಯನ್ನು ಅಗತ್ಯ ಇರುವಷ್ಟು ಕಾಲಕ್ಕಿಂತ ಜಾಸ್ತಿ ಇಡಬಾರದು ಅನ್ನುತ್ತದೆ. ಅದು ಬಿಡಿ, ನಾಳೆ ಡೇಟಾ ಸೋರಿದರೆ ಇಲ್ಲದ ಫೈಲು ಸೋರುವುದಿಲ್ಲ, ಅಲ್ವಾ?

ಅಳಿಸಿದ್ದೂ ತಕ್ಷಣ ಹೋಗುವುದಿಲ್ಲ. ಬ್ಯಾಕಪ್‌ನಲ್ಲಿ ಎಷ್ಟು ದಿನ ಇರುತ್ತೆ ಅಂತ ಸಪೋರ್ಟ್‌ಗೆ ಮೂರು ಸಲ ಬರೆದ ಮೇಲೆ 90 ದಿನ ಅಂದರು. ವ್ಯಾಜ್ಯ ಇರುವ ಫೈಲನ್ನು ಯಾರೂ ಅಳಿಸದಂತೆ ಬೀಗ ಹಾಕುವ ಸೌಲಭ್ಯ ಮಾತ್ರ ಸರಿಯಾಗಿದೆ.

ಒಂದು ತಪ್ಪು ನಮ್ಮದೇ. ಹೊಣೆಗಾರಿಕೆಗೆ ಅಂತ ಪ್ರತಿ ಫೋಲ್ಡರ್‌ಗೂ 'ಮಾಲೀಕ' ಅನ್ನುವ ಖಾನೆ ಕೊಟ್ಟಿದ್ದಾರೆ. ನಾವು ಸುಮ್ನೆ ಅಪ್‌ಲೋಡ್ ಮಾಡಿದವನ ಹೆಸರು ತುಂಬಿದೆವು. ಆ ಹುಡುಗ ಕೆಲಸ ಬಿಟ್ಟ. ಸಂಬಳದ ಫೋಲ್ಡರ್ ನೋಡಲು ಅನುಮತಿ ಕೊಡುವವರು ಯಾರು ಅಂತ ಎರಡು ವಾರ ಮೇಲ್ ಓಡಾಡಿತು. ಈಗ ಹೆಸರಿನ ಬದಲು ಹುದ್ದೆ ಬರೆಯುತ್ತೇವೆ.

ಮೂರು ಸ್ಟಾರ್. ತೆಗೆದುಕೊಳ್ಳುವವರು ಡೆಮೋದಲ್ಲೇ ಕೇಳಿ: ಒಪ್ಪಂದ ಮುಗಿದ ತಾರೀಖಿನಿಂದ ಎಣಿಸಿ ಒಂದು ಫೈಲು ಅಳಿಸಿ ತೋರಿಸಿ, ಬ್ಯಾಕಪ್‌ನಿಂದಲೂ. ನಮಗೆ ಹುಡುಕಿ ತೋರಿಸಿದರು, ನಾವು ಚಪ್ಪಾಳೆ ಹೊಡೆದು ಸಹಿ ಹಾಕಿದೆವು.