ಉಪ್ಪುಕಾಗದಕ್ಕೆ ಯಾವ ರಾಳ: ಫೀನಾಲಿಕ್, ಯೂರಿಯಾ, ಇಲ್ಲಾ ಯುವಿ?

ರಾಳ ಅಂದರೆ ಉಜ್ಜುವ ಹರಳನ್ನು ಹಾಳೆಗೆ ಹಿಡಿದಿಡುವ ಅಂಟು. ಆರಿಸುವ ಮೊದಲು ಕೆಲಸ ನೋಡಿ. ಕಬ್ಬಿಣ ಉಜ್ಜುವ ಬೆಲ್ಟ್ ಮಾಡುವುದಾದರೆ ಫೀನಾಲಿಕ್ಕೇ ಸರಿ. ಬಿಸಿ, ನೀರು ಎರಡನ್ನೂ ತಡೆಯುತ್ತದೆ. ಆದರೆ ಗಟ್ಟಿಯಾಗಲು ಸುಮಾರು 100 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಕು. ಅವಸರ ಮಾಡಿ ಶಾಖ ಏರಿಸಿದರೆ ಆವಿ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ, ಆಮೇಲೆ ಉಜ್ಜುವಾಗ ಹರಳು ಉದುರುತ್ತದೆ.

ಯೂರಿಯಾ ಫಾರ್ಮಾಲ್ಡಿಹೈಡ್ ಅಗ್ಗ. ವೇಗವರ್ಧಕ ಬೆರೆಸಿದರೆ ಕಡಿಮೆ ಬಿಸಿಯಲ್ಲೇ ಬೇಗ ಗಟ್ಟಿಯಾಗುತ್ತದೆ. ಕಾಗದಕ್ಕೆ ಹೇಳಿ ಮಾಡಿಸಿದ್ದು. ನೀರು ಹಾಕಿ ಉಜ್ಜುವ ಕೆಲಸಕ್ಕೆ ಮಾತ್ರ ಬೇಡ. ಮರದ ಕೆಲಸದ ಹಾಳೆಗೆ ನಾನಾದರೆ ಇದನ್ನೇ ಆರಿಸುತ್ತೇನೆ, ಅಲ್ಲಿ ಫೀನಾಲಿಕ್ ಸುಮ್ನೆ ಖರ್ಚು.

ಯುವಿ (ಅತಿನೇರಳೆ) ಬೆಳಕಿಗೆ ಗಟ್ಟಿಯಾಗುವ ಅಕ್ರಿಲೇಟ್ ರಾಳದ ಕೆಲಸ ಸೆಕೆಂಡುಗಳಲ್ಲೇ ಮುಗಿಯುತ್ತದೆ. ಬೆಲೆ ಜಾಸ್ತಿ. ಲೇಪ ದಪ್ಪವಾದರೆ ಬೆಳಕು ತಳಕ್ಕಿಳಿಯದೆ ಅಡಿಭಾಗ ಹಸಿಯಾಗೇ ಉಳಿಯುತ್ತದೆ.

ಮೊದಲೆರಡರಿಂದಲೂ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಹೊರಬರುತ್ತದೆ, ಹೊಗೆ ಎಳೆಯುವ ಫ್ಯಾನ್ ಬೇಕೇ ಬೇಕು.