ಮಲೆನಾಡಿನ ಮನೆಗೆ ಸೋಲಾರ್: ಬ್ಯಾಟರಿ ಬೇಕಾ, ಬೇಡ್ವಾ?

ಕರೆಂಟ್ ಕೊಡುವ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ನಿಯಮ ಮಾತ್ರ ಎರಡಕ್ಕೂ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿಯದ್ದೇ.

ಬ್ಯಾಟರಿ ಇಲ್ಲದೆ ನೆಟ್ ಮೀಟರ್ (ಲೈನಿಗೆ ಕೊಟ್ಟ, ಲೈನಿನಿಂದ ಪಡೆದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಹಾಕಿಸಿದರೆ ಹಗಲು ಮಿಕ್ಕ ಕರೆಂಟ್ ಲೈನಿಗೆ ಹೋಗಿ ಬಿಲ್ಲಿನಲ್ಲಿ ವಜಾ ಆಗುತ್ತದೆ. ಕೇಂದ್ರದ ಮನೆ ಸೋಲಾರ್ ಯೋಜನೆ ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಆದರೆ ಲೈನ್ ಹೋದರೆ ಬಿಸಿಲಿದ್ದರೂ ಇದು ನಿಲ್ಲುತ್ತದೆ. ನಮ್ಮ ಸೋಲಾರ್ ಕರೆಂಟ್ ಸತ್ತ ಲೈನಿಗೆ ಹರಿಯಬಾರದು, ಕಂಬದ ಮೇಲಿರುವ ಲೈನ್‌ಮನ್ ಜೀವ ಮುಖ್ಯ ಅಲ್ವಾ?

ಹೈಬ್ರಿಡ್ ಇನ್ವರ್ಟರ್ (ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಬಳಸುವಂಥದ್ದು), ಬ್ಯಾಟರಿ ಇದ್ದರೆ ಲೈನ್ ಹೋದಾಗಲೂ ಮನೆ ನಡೆಯುತ್ತದೆ. ಖರ್ಚು ಜಾಸ್ತಿ, ಸಬ್ಸಿಡಿ ಪ್ಯಾನೆಲ್ ಲೆಕ್ಕಕ್ಕಷ್ಟೇ. ಜುಲೈ ಮಳೆಗೆ ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದು ನಮ್ಮನೆ ಎರಡು ದಿನ ಕತ್ತಲೆ. ಫ್ರಿಜ್‌ನಲ್ಲಿ ಅಮ್ಮನ ಇನ್ಸುಲಿನ್ ಇತ್ತು. ಮಳೆಗಾಲದಲ್ಲಿ ಬಿಸಿಲು ಕಮ್ಮಿ, ಹಾಗಾಗಿ ಲೈನಿನಿಂದಲೂ ಚಾರ್ಜ್ ಆಗುವ ಇನ್ವರ್ಟರನ್ನೇ ಕೇಳಿ.

ಪೇಟೆ ಮನೆಗೆ ಬ್ಯಾಟರಿ ಬೇಡ. ತೋಟದ ಮನೆಗೆ ಚಿಕ್ಕ ಲಿಥಿಯಂ ಬ್ಯಾಟರಿ ಇಡಲೇಬೇಕು.