ದೂರಿಗೂ ಗಡುವಿದೆ: ಅಮೆರಿಕದ ಸರ್ಕಾರಿ ನೇಮಕಾತಿಯಲ್ಲಿ ತಾರತಮ್ಯಕ್ಕೆ ಒಳಗಾದವರಿಗೆ ಎಚ್ಚರಿಕೆ

ಕೊಲಂಬಸ್ ರಿಕ್ಸ್ ಲೈಬೀರಿಯಾ ಮೂಲದ ಕಪ್ಪು ವರ್ಣೀಯ ಅಧ್ಯಾಪಕರು. ಡೆಲವೇರ್ ಸ್ಟೇಟ್ ಕಾಲೇಜು ಎಂಬ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. 1974ರಲ್ಲಿ ಕಾಲೇಜು ಅವರಿಗೆ ಕಾಯಂ ಹುದ್ದೆ ನಿರಾಕರಿಸಿ, ಇನ್ನೊಂದು ವರ್ಷ ಮಾತ್ರ ಕೆಲಸ ಎಂದು ಜೂನ್ 26ರಂದು ಪತ್ರ ಕೊಟ್ಟಿತು. ಅಷ್ಟರಲ್ಲೇ ಅವರು ಕಾಲೇಜಿನ ಒಳಗಿನ ಕುಂದುಕೊರತೆ ಸಮಿತಿಗೆ ಮನವಿ ಹಾಕಿಕೊಂಡಿದ್ದರು. ಸೆಪ್ಟೆಂಬರಿನಲ್ಲಿ ಅದೂ ತಿರಸ್ಕೃತವಾಯಿತು. ಕೇಂದ್ರದ ಸಮಾನ ಉದ್ಯೋಗಾವಕಾಶ ಆಯೋಗದಲ್ಲಿ, ಅಂದರೆ ಎಲ್ಲರೂ ಇಇಒಸಿ ಎನ್ನುವ ಕಚೇರಿಯಲ್ಲಿ, ಅವರ ದೂರು ದಾಖಲಾಗುವ ಹೊತ್ತಿಗೆ 1975ರ ಏಪ್ರಿಲ್ ಬಂದಿತ್ತು. ಕೆಲಸದ ಕೊನೆಯ ದಿನದಿಂದ ಗಡುವನ್ನು ಎಣಿಸಬೇಕು ಎಂಬುದು ಅವರ ವಾದ. 1980ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ನಿರ್ಧಾರ ತಿಳಿಸಿದ ದಿನದಿಂದಲೇ ಎಣಿಕೆ, ಒಳಗಿನ ಮನವಿ ಬಾಕಿಯಿದೆ ಎಂದು ಗಡುವು ನಿಲ್ಲುವುದಿಲ್ಲ ಎಂದಿತು. ಅವರಿಗೆ ನಿಜಕ್ಕೂ ಅನ್ಯಾಯವಾಗಿತ್ತೇ ಎಂಬ ಪ್ರಶ್ನೆಯನ್ನು ಕೋರ್ಟು ಮುಟ್ಟಲೇ ಇಲ್ಲ.

ಇವತ್ತಿಗೂ ಜನ ಎಡವುವುದು ಇದೇ ಜಾಗದಲ್ಲಿ. ನೇಮಕಾತಿ ಪಟ್ಟಿಯಲ್ಲಿ ಹೆಸರಿಲ್ಲ ಎಂದು ತಿಳಿದ ಕೂಡಲೇ ಎಚ್‌ಆರ್‌ಗೆ ಇಮೇಲ್ ಹೋಗುತ್ತದೆ, ನಾಗರಿಕ ಸೇವಾ ಮಂಡಳಿಗೆ ಮೇಲ್ಮನವಿ ಹೋಗುತ್ತದೆ, ಯೂನಿಯನ್ ಪ್ರತಿನಿಧಿ 'ನಾನು ನೋಡಿಕೊಳ್ಳುತ್ತೇನೆ' ಎನ್ನುತ್ತಾರೆ. ಇವೆಲ್ಲ ಮಾಡಬಾರದೆಂದಲ್ಲ. ಆದರೆ ಇವುಗಳಲ್ಲಿ ಯಾವುದೂ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಉತ್ತರ ಬರಲಿ ಎಂದು ಕಾಯುತ್ತಾ ಕೂತವರ ಕೈಯಿಂದ ಒಳ್ಳೊಳ್ಳೆಯ ಪ್ರಕರಣಗಳು ಜಾರಿಹೋಗಿವೆ.

ಗಡುವು ಎಷ್ಟು ಎಂಬುದು ನೌಕರಿ ಯಾರದು ಎಂಬುದರ ಮೇಲೆ ನಿಂತಿದೆ. ಕೇಂದ್ರ ಸರ್ಕಾರದ ಹುದ್ದೆಯಾದರೆ ಕೇವಲ 45 ದಿನ. ಅಷ್ಟರೊಳಗೆ ಅದೇ ಇಲಾಖೆಯ ಇಇಒ (ಸಮಾನ ಉದ್ಯೋಗಾವಕಾಶ) ಸಲಹೆಗಾರರನ್ನು ಸಂಪರ್ಕಿಸಬೇಕು. ನೇರವಾಗಿ ಇಇಒಸಿಗೆ ಹೋದರೆ ಅವರು ಇಲಾಖೆಗೇ ವಾಪಸು ಕಳಿಸುತ್ತಾರೆ, ಅಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಸಲಹೆಯ ಹಂತ ಸಾಮಾನ್ಯವಾಗಿ 30 ದಿನ. ಎರಡೂ ಕಡೆಯವರು ಮಧ್ಯಸ್ಥಿಕೆಗೆ ಒಪ್ಪಿದರೆ 90ರವರೆಗೂ ಎಳೆಯುತ್ತದೆ. ಅದು ಮುಗಿದ ಮೇಲೆ 'ಔಪಚಾರಿಕ ದೂರು ಸಲ್ಲಿಸಬಹುದು' ಎಂಬ ನೋಟಿಸ್ ಕೊಡುತ್ತಾರೆ. ಅದು ಕೈಸೇರಿದ 15 ದಿನದೊಳಗೆ ದೂರು ಕೊಡಬೇಕು. ಶನಿವಾರ, ಭಾನುವಾರವೂ ಈ ಲೆಕ್ಕದಲ್ಲಿ ಸೇರುತ್ತವೆ. ಸಲಹೆಗಾರರೊಂದಿಗೆ ಮಾತಾಡಿದ್ದೇ ದೂರು ಕೊಟ್ಟಂತೆ ಎಂದುಕೊಂಡು ಈ 15 ದಿನವನ್ನು ಕಳೆದುಕೊಳ್ಳುವವರು ಬಹಳ.

ರಾಜ್ಯ, ಕೌಂಟಿ, ನಗರಾಡಳಿತದ ಹುದ್ದೆಯಾದರೆ ಇಇಒಸಿಗೆ 180 ದಿನದೊಳಗೆ ದೂರು. ತಾರತಮ್ಯ ತಡೆಯುವ ತನ್ನದೇ ಸಂಸ್ಥೆ ಇರುವ ರಾಜ್ಯಗಳಲ್ಲಿ 300 ದಿನ. ಇಲ್ಲೊಂದು ಬಲೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಂಸ್ಥೆಗೆ ದೂರು ಕೊಡಲು 3 ವರ್ಷ ಇದೆ. ಅದನ್ನು ನೋಡಿ ನೆಮ್ಮದಿಯಾಗಿದ್ದವರಿಗೆ ಕೇಂದ್ರ ಕಾನೂನಿನ ಬಾಗಿಲು 300ನೇ ದಿನವೇ ಮುಚ್ಚಿರುತ್ತದೆ.

ಇಇಒಸಿ ಪೋರ್ಟಲ್‌ನಲ್ಲಿ ಮೊದಲು ತುಂಬುವುದು ಪ್ರಾಥಮಿಕ ವಿವರ (ಇಂಗ್ಲಿಷಿನಲ್ಲಿ ಇನ್‌ಕ್ವೈರಿ) ಅಷ್ಟೇ. ಅದು ದೂರು ಅಲ್ಲ. ಆಯೋಗದ ಸಿಬ್ಬಂದಿ ಜತೆಗಿನ ಸಂದರ್ಶನದ ದಿನಾಂಕ ಸಿಗಲು ವಾರಗಳೇ ಹಿಡಿಯಬಹುದು. ಸಂದರ್ಶನ ಮುಗಿದ ಮೇಲೂ, ಸಿಬ್ಬಂದಿ ಬರೆದುಕೊಟ್ಟ ದೂರಿಗೆ ನೀವು ಸಹಿ ಹಾಕಿದಾಗಲೇ ಅದು ದಾಖಲಾಗುವುದು. ಗಡುವಿಗೆ 60 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನು ಮೊದಲೇ ಹೇಳಿ. ಪೋರ್ಟಲ್‌ನಲ್ಲಿ ಅಂಥವರಿಗೆ ಬೇರೆ ಸೂಚನೆಗಳಿವೆ.

ದೂರಿನ ಒಕ್ಕಣೆಯಲ್ಲೂ ಜನ ಸೋಲುತ್ತಾರೆ. 'ನನಗಿಂತ ಕಡಿಮೆ ಅರ್ಹತೆಯವರನ್ನು ತೆಗೆದುಕೊಂಡರು, ಅನ್ಯಾಯ' ಎಂದಷ್ಟೇ ಬರೆದರೆ ಸಾಲದು, ಏಕೆಂದರೆ ಅನ್ಯಾಯವೆಲ್ಲ ಕಾನೂನುಬಾಹಿರವಲ್ಲ. ಜನಾಂಗ, ಚರ್ಮದ ಬಣ್ಣ, ರಾಷ್ಟ್ರೀಯ ಮೂಲ ಇವು ಕಾನೂನಿನಲ್ಲಿ ಮೂರು ಬೇರೆ ಬೇರೆ ಆಧಾರಗಳು. ಭಾರತ ಮೂಲದವರ ವಿಷಯದಲ್ಲಿ ಹಲವು ಬಾರಿ ಮೂರೂ ಹೆಣೆದುಕೊಂಡಿರುತ್ತವೆ. ಅನ್ವಯಿಸುವ ಪ್ರತಿಯೊಂದನ್ನೂ ಗುರುತು ಮಾಡಿ, ಏಕೆ ಎಂದು ಒಂದೊಂದು ವಾಕ್ಯದಲ್ಲಾದರೂ ಬರೆಯಿರಿ. ದೂರಿನಲ್ಲಿ ಇಲ್ಲದ ಆಧಾರವನ್ನು ಕೋರ್ಟಿನಲ್ಲಿ ಹೊಸದಾಗಿ ತೆಗೆದರೆ ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಲಿಖಿತ ಪರೀಕ್ಷೆಯಿಂದ ನಡೆಯುವ ನೇಮಕಾತಿಗೆ ಲೆಕ್ಕ ಬೇರೆ. ಅಲ್ಲಿ ಯಾರೂ ಬೇಕೆಂದೇ ಭೇದ ಮಾಡಿರಬೇಕಾಗಿಲ್ಲ. ಪರೀಕ್ಷೆಯ ಪರಿಣಾಮವೇ ಒಂದು ಗುಂಪನ್ನು ಹೊರಗಿಡಬಹುದು. ಇದನ್ನು ಅಳೆಯಲು ಐದನೇ ನಾಲ್ಕರ ನಿಯಮ ಎಂಬ ಒರಟು ಲೆಕ್ಕವಿದೆ. ನ್ಯೂ ಹೇವನ್ ನಗರದ ಅಗ್ನಿಶಾಮಕ ದಳದ 2003ರ ಬಡ್ತಿ ಪರೀಕ್ಷೆಯನ್ನೇ ನೋಡಿ. ಲೆಫ್ಟಿನೆಂಟ್ ಹುದ್ದೆಗೆ ಕೂತ 43 ಬಿಳಿಯರಲ್ಲಿ 25 ಮಂದಿ ತೇರ್ಗಡೆ, ಅಂದರೆ ಶೇ 58.1. 19 ಕಪ್ಪು ವರ್ಣೀಯರಲ್ಲಿ 6 ಮಂದಿ, ಶೇ 31.6. ಚಿಕ್ಕದನ್ನು ದೊಡ್ಡದರಿಂದ ಭಾಗಿಸಿದರೆ ಸುಮಾರು ಶೇ 54 ಬರುತ್ತದೆ. ಐದರಲ್ಲಿ ನಾಲ್ಕು ಪಾಲು, ಅಂದರೆ ಶೇ 80ಕ್ಕಿಂತ ಕಡಿಮೆಯಾದರೆ ಪರೀಕ್ಷೆಯ ಮೇಲೆ ಪ್ರಶ್ನೆ ಎತ್ತಲು ಅದು ಆಧಾರ. ಆದರೆ ಈ ಅಂಕಿ ಒಂದನ್ನೇ ಹಿಡಿದು ಗೆದ್ದೆವೆಂದುಕೊಳ್ಳಬೇಡಿ. ದಾವೆಗೆ ಹೆದರಿದ ನಗರಾಡಳಿತ ಆ ಫಲಿತಾಂಶವನ್ನೇ ಬದಿಗಿಟ್ಟಾಗ ಬಿಳಿಯ ಮತ್ತು ಹಿಸ್ಪ್ಯಾನಿಕ್ ಸಿಬ್ಬಂದಿ ಕೋರ್ಟಿಗೆ ಹೋದರು, 2009ರಲ್ಲಿ 5-4ರ ತೀರ್ಪಿನಲ್ಲಿ ಗೆದ್ದರು. ಪರೀಕ್ಷೆ ಕೆಲಸಕ್ಕೆ ಸಂಬಂಧಪಟ್ಟದ್ದಲ್ಲ, ಅಥವಾ ಅಷ್ಟೇ ಒಳ್ಳೆಯ, ಕಡಿಮೆ ಹೊರಗಿಡುವ ಇನ್ನೊಂದು ವಿಧಾನವಿತ್ತು ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿಲ್ಲದೆ ಫಲಿತಾಂಶವನ್ನು ಬದಿಗಿಡುವಂತಿಲ್ಲ ಎಂಬುದೇ ಆ ತೀರ್ಪಿನ ತಿರುಳು.

ಷಿಕಾಗೊ ಅಗ್ನಿಶಾಮಕ ದಳದ 1995ರ ಪರೀಕ್ಷೆಯಲ್ಲಿ 89 ಅಂಕಕ್ಕೆ ಗೆರೆ ಎಳೆದರು. 65ರಿಂದ 88ರವರೆಗೆ ಬಂದವರಿಗೆ 'ನೀವು ತೇರ್ಗಡೆಯಾಗಿದ್ದೀರಿ, ಆದರೆ ಕರೆ ಬರುವುದು ಕಷ್ಟ' ಎಂಬ ಪತ್ರ. ಫಲಿತಾಂಶ ಪ್ರಕಟವಾದದ್ದು 1996ರ ಜನವರಿ 26ಕ್ಕೆ, ಮೊದಲ ದೂರು ಬಿದ್ದದ್ದು 1997ರ ಮಾರ್ಚ್ 31ಕ್ಕೆ. 300 ದಿನ ಯಾವಾಗಲೋ ದಾಟಿತ್ತು. 2010ರಲ್ಲಿ ಸುಪ್ರೀಂ ಕೋರ್ಟು ದೂರುದಾರರ ಪರ ನಿಂತಿತು: ಆ ಗೆರೆಯನ್ನು ಬಳಸಿ ಮಾಡಿದ ಪ್ರತಿ ಸುತ್ತಿನ ನೇಮಕಾತಿಯೂ ಹೊಸ ಉಲ್ಲಂಘನೆ ಎಂದಿತು. ಈ ಅನುಕೂಲ ಪರಿಣಾಮ ಆಧಾರಿತ ದೂರಿಗೆ ಸಿಕ್ಕಿದ್ದು. ಬೇಕೆಂದೇ ಭೇದ ಮಾಡಿದರು ಎನ್ನುವವರು ಇದನ್ನು ನಂಬಿ ಕೂರಬಾರದು.

2025ರಲ್ಲಿ ಎರಡು ಬದಲಾವಣೆ ಆಗಿವೆ. ಪರಿಣಾಮ ಆಧಾರಿತ ಪ್ರಕರಣಗಳಿಗೆ ಆದ್ಯತೆ ಕಡಿಮೆ ಮಾಡಿ ಎಂದು ಏಪ್ರಿಲ್‌ನಲ್ಲಿ ಅಧ್ಯಕ್ಷರ ಆದೇಶ ಕೇಂದ್ರ ಇಲಾಖೆಗಳಿಗೆ ಹೇಳಿತು. ಆದರೆ ಕಾನೂನಿನ ಪಠ್ಯ ಹಾಗೇ ಇದೆ, ದಾವೆ ಹೂಡುವ ಹಕ್ಕೂ ಇದೆ. ಅಂಥ ದೂರು ಇದ್ದವರು ಆಯೋಗದ ತನಿಖೆಯನ್ನು ನೆಚ್ಚದೆ ಬೇಗ ವಕೀಲರನ್ನು ಕಾಣಬೇಕು. ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬಹುಸಂಖ್ಯಾತ ಗುಂಪಿನ ದೂರುದಾರರಿಗೂ ಉಳಿದವರಿಗಿರುವಷ್ಟೇ ಸಾಕ್ಷ್ಯದ ಹೊರೆ, ಹೆಚ್ಚಿಲ್ಲ ಎಂದಿತು.

ಇನ್ನು ಕಾಗದಪತ್ರ. ಹುದ್ದೆಯ ಪ್ರಕಟಣೆ ಕೊನೆಯ ದಿನಾಂಕ ಮುಗಿದ ಮೇಲೆ ಜಾಲತಾಣದಿಂದ ಮಾಯವಾಗಬಹುದು. ಅರ್ಜಿ ಹಾಕುವ ದಿನವೇ ಅದನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ನೀವು ತುಂಬಿದ ಪ್ರಶ್ನಾವಳಿಯ ಉತ್ತರಗಳನ್ನೂ ಸೇರಿಸಿ. ಸಂದರ್ಶನ ಮುಗಿದ ಸಂಜೆಯೇ ಯಾರು ಕೂತಿದ್ದರು, ಏನು ಕೇಳಿದರು ಎಂದು ಬರೆದಿಡಿ. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ನೇಮಕಾತಿ ದಾಖಲೆಗಳನ್ನು 2 ವರ್ಷ ಇಡಬೇಕು. ದೂರು ಬಿದ್ದ ಮೇಲೆ ಪ್ರಕರಣ ಮುಗಿಯುವವರೆಗೂ ಇಡಬೇಕು. ಆದರೂ ಸಂದರ್ಶಕರು ಕೈಯಲ್ಲಿ ಗೀಚಿಕೊಂಡ ಅಂಕಪಟ್ಟಿಗಳೇ ಮೊದಲು ಕಾಣೆಯಾಗುವುದು. ಆದ್ದರಿಂದ ದೂರಿನ ಜತೆಗೇ ಇಲಾಖೆಗೆ ಒಂದು ಪತ್ರ ಹೋಗಲಿ. ಹುದ್ದೆಯ ಸಂಖ್ಯೆ ಬರೆದು, ಸಂದರ್ಶಕರ ವೈಯಕ್ತಿಕ ಟಿಪ್ಪಣಿ, ಅಂಕಪಟ್ಟಿ, ಆಯ್ಕೆಯಾದವರ ಅರ್ಜಿ, ಆಯ್ಕೆ ಕುರಿತ ಇಮೇಲ್‌ಗಳು, ಇವನ್ನು ನಾಶಮಾಡಬಾರದು ಎಂದು ಹೆಸರಿಟ್ಟು ಕೇಳಿ. ಬೇರೆಯಾಗಿ ಆ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನಡಿ ಅರ್ಜಿ ಹಾಕಿ. ಹೆಸರುಗಳನ್ನು ಮುಚ್ಚಿ ಕೊಟ್ಟರೂ ಅಂಕಗಳು ಸಿಕ್ಕರೆ ಸಾಕಷ್ಟು ತಿಳಿಯುತ್ತದೆ.

ರಾಜ್ಯ ಅಥವಾ ನಗರಾಡಳಿತದ ವಿರುದ್ಧ ಇಇಒಸಿ ತಾನೇ ದಾವೆ ಹೂಡುವಂತಿಲ್ಲ. ತಾರತಮ್ಯ ಕಂಡುಬಂದು ಸಂಧಾನ ಮುರಿದರೆ ಕಡತ ನ್ಯಾಯ ಇಲಾಖೆಗೆ ಹೋಗುತ್ತದೆ. ದಾವೆ ಹಕ್ಕಿನ ಪತ್ರ, ಅಂದರೆ ನೀವೇ ಕೋರ್ಟಿಗೆ ಹೋಗಬಹುದು ಎಂಬ ಪತ್ರ, ಬಂದ ಮೇಲೆ ದಾವೆ ಹೂಡಲು ನಿಮಗಿರುವುದು 90 ದಿನ. ಪತ್ರ ಈಗ ಪೋರ್ಟಲ್‌ಗೇ ಬರುತ್ತದೆ, ಇಮೇಲ್ ಸ್ಪ್ಯಾಮ್‌ಗೆ ಬಿದ್ದಿರಬಹುದು. ವಾರಕ್ಕೊಮ್ಮೆ ಲಾಗಿನ್ ಆಗಿ ನೋಡಿ, ಪತ್ರ ಹಾಕಿದ ದಿನದಿಂದಲೇ ಎಣಿಸಿ. ಇಂಥ ಪ್ರಕರಣ ಒಪ್ಪಿಕೊಳ್ಳುವ ವಕೀಲರು ಸಿಗಲು ಒಂದು ತಿಂಗಳಾದರೂ ಬೇಕು. 75ನೇ ದಿನ ಬಾಗಿಲು ತಟ್ಟಿದರೆ ಕಡತ ತೆರೆದು ನೋಡಲೂ ಅನೇಕರು ಒಪ್ಪುವುದಿಲ್ಲ.